ಹಾಸನದಲ್ಲೊಂದು ಕಾಲಯಾನ: ಮಕ್ಕಳ ಚಿತ್ರಕ್ಕೆ ಕಥೆ ಕಟ್ಟುವ ಕ್ರಮ

ಹುಡುಗನೊಬ್ಬ ಬೇರೊಂದು ಕಾಲಕ್ಕೆ ಹೋಗಿಬರುವ ಚಿತ್ರವನ್ನು ಸಣ್ಣ ಬಂಡವಾಳದಲ್ಲಿ ಮಾಡಲು ಹೊರಟವರು ಬಹುಮಟ್ಟಿಗೆ ಯಂತ್ರದಿಂದಲೇ ಆರಂಭಿಸುತ್ತಾರೆ. ಅದು ಹೇಗೆ ಮಿನುಗಬೇಕು, ಎಷ್ಟು ಸದ್ದು ಮಾಡಬೇಕು ಎಂಬ ಚರ್ಚೆಯಲ್ಲೇ ವಾರಗಳು ಕಳೆಯುತ್ತವೆ. ಯಂತ್ರವನ್ನು ಕೊನೆಗೆ ಬಿಡಿ. ಮೊದಲ ದೃಶ್ಯ ಬರೆಯುವುದಕ್ಕೂ ಮುನ್ನ, ಹೋದ ಕಾಲದಲ್ಲಿ ಹುಡುಗನಿಂದ ಏನನ್ನು ಬದಲಿಸಲು ಆಗುವುದಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಆ ವಾಕ್ಯ ಎಂಟು ವರ್ಷದ ಮಗುವಿಗೆ ಅರ್ಥವಾಗದಿದ್ದರೆ ಕಥೆ ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು.

ಇಂಥ ಕಥೆಗಳಲ್ಲಿ ಹಿಂದಿನ ಕಾಲವನ್ನು ಮುಟ್ಟಿದರೆ ಇಂದಿನ ಕಾಲ ಬದಲಾಗಬಹುದು, ಅಥವಾ ಮುಟ್ಟಿದ ಕ್ಷಣದಿಂದ ಕಾಲ ಎರಡು ಕವಲಾಗಬಹುದು, ಇಲ್ಲವೇ ಹುಡುಗ ಅಲ್ಲಿ ಮಾಡುವುದೆಲ್ಲ ಮೊದಲೇ ನಡೆದುಹೋಗಿರುವ ಸಂಗತಿಯೇ ಆಗಿರಬಹುದು. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಕ್ಕೆ ನಾನು ಕೊನೆಯದನ್ನೇ ಸೂಚಿಸುತ್ತೇನೆ. ಕವಲುಗಳ ಲೆಕ್ಕವನ್ನು ವಿವರಿಸುವುದರಲ್ಲಿ ಚಿತ್ರದ ಅರ್ಧ ಸಮಯ ವ್ಯರ್ಥವಾಗುತ್ತದೆ. ಕೊನೆಯ ನಿಯಮದಲ್ಲಾದರೆ ವಿವರಣೆಯೇ ಬೇಕಿಲ್ಲ, ಒಂದು ವಸ್ತು ಸಾಕು. ಉದಾಹರಣೆಗೆ, ಮನೆಯಲ್ಲಿ ರಾಗಿ ಅಳೆಯುವ ಹಿತ್ತಾಳೆ ಸೇರಿನ ಅಂಚು ನೆಗ್ಗಿರುವುದನ್ನು ಮೊದಲ ಐದು ನಿಮಿಷದಲ್ಲಿ ಯಾರೂ ಮಾತಾಡದೆ ತೋರಿಸಿಬಿಡಿ. ಆ ನೆಗ್ಗು ಬಿದ್ದದ್ದು ಹುಡುಗನ ಕೈಯಿಂದಲೇ ಎಂಬುದು ಕಾಲದ ಆಚೆ ಬದಿಯಲ್ಲಿ ತಿಳಿದಾಗ ಮಕ್ಕಳು ತಾವಾಗಿಯೇ ನಿಯಮವನ್ನು ಕಂಡುಕೊಳ್ಳುತ್ತಾರೆ.

ಇನ್ನು ಯಾವ ಕಾಲಕ್ಕೆ ಕಳಿಸುವುದು ಎಂಬ ಪ್ರಶ್ನೆ. ಹಾಸನ ಜಿಲ್ಲೆಯವರಿಗೆ ಮೊದಲು ಹೊಳೆಯುವುದು ಬೇಲೂರು, ಚೆನ್ನಕೇಶವನ ಪ್ರತಿಷ್ಠೆಯಾದ 1117ನೆಯ ಇಸವಿ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅಲ್ಲಿಯ ಶಿಲ್ಪಗಳಲ್ಲಿ ತಮ್ಮ ಹೆಸರು ಕೆತ್ತಿರುವುದರಿಂದ, ತಂದೆಯ ಬಳಿ ಉಳಿ ಹಿಡಿಯುವುದನ್ನು ಕಲಿಯುತ್ತಿರುವ ಬಾಲಕ ಚಾವಣನನ್ನು ನಮ್ಮ ಹುಡುಗ ಭೇಟಿಯಾಗುವ ಕಲ್ಪನೆ ಸೊಗಸಾದದ್ದೇ. ಆದರೆ ಇದಕ್ಕೆ ಕೈಹಾಕುವವರು ಏನನ್ನು ತೋರಿಸಬಾರದು ಎಂಬ ಪಟ್ಟಿಯನ್ನು ಮೊದಲು ಮಾಡಿಕೊಳ್ಳಬೇಕು. ಇಂದು ನಾವು ಒಳಹೋಗುವ ಗೋಪುರ ವಿಜಯನಗರದ ಕಾಲದ್ದು, ಆದ್ದರಿಂದ ಅದು ಚೌಕಟ್ಟಿನೊಳಗೆ ಬರುವಂತಿಲ್ಲ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಬಾರದು, ಟೊಮೆಟೊ ಇರಬಾರದು, ಹಾಸನದ ಹೊಲಗಳಲ್ಲಿ ಇಷ್ಟೊಂದು ಬೆಳೆಯುವ ಆಲೂಗಡ್ಡೆಯಂತೂ ಇರಲೇಬಾರದು, ಏಕೆಂದರೆ ಇವೆಲ್ಲ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದದ್ದು ಶತಮಾನಗಳ ನಂತರ. ಖಾರಕ್ಕೆ ಕರಿಮೆಣಸೇ ಗತಿ. ಬೆಟ್ಟದ ದೃಶ್ಯಗಳಲ್ಲಿ ಕಾಫಿ ಗಿಡವೂ ಅದರ ನಡುವೆ ನೆರಳಿಗೆ ನೆಟ್ಟ ಸಿಲ್ವರ್ ಓಕೂ ಕಾಣಬಾರದು. ಮಾತಿನ ತೊಡಕು ಇವೆಲ್ಲಕ್ಕಿಂತ ದೊಡ್ಡದು: ಹೊಯ್ಸಳರ ಕಾಲದ ಜನ ಇಂದಿನ ಪುಸ್ತಕದ ಕನ್ನಡವನ್ನಾಡಿದರೆ ನಾಟಕದಂತಾಗುತ್ತದೆ, ಶಾಸನದ ಕನ್ನಡವನ್ನಾಡಿದರೆ ಮಕ್ಕಳಿಗೆ ತಿಳಿಯುವುದಿಲ್ಲ. ಜೊತೆಗೆ ಬೇಲೂರು, ಹಳೇಬೀಡುಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆಯಬೇಕು. ಹಣವೂ ಸಮಯವೂ ಉಳ್ಳವರು ಈ ದಾರಿ ಹಿಡಿಯಲಿ.

ಉಳಿದವರಿಗೆ ಶೆಟ್ಟಿಹಳ್ಳಿಯಿದೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಲ್ಲಿನ ಚರ್ಚು, 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ, ಅಂದಿನಿಂದ ಮಳೆಗಾಲದಲ್ಲಿ ಅರ್ಧ ಮುಳುಗುತ್ತ ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತ ನಿಂತಿದೆ. ಕಾಲದ ಬಾಗಿಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬ ಗಡುವನ್ನು ಇಲ್ಲಿ ನೀರೇ ಗೊತ್ತುಮಾಡುತ್ತದೆ: ಮಳೆ ಹಿಡಿದು ನೀರು ಹೊಸ್ತಿಲಿಗೆ ಬರುವುದರೊಳಗೆ ಹುಡುಗ ಹಿಂತಿರುಗಬೇಕು. ಇದಕ್ಕೆ ಒಂದು ರೂಪಾಯಿಯ ಗ್ರಾಫಿಕ್ಸೂ ಬೇಡ. ಹುಡುಗನ ತಾತನ ಊರು ಇದೇ ಹಿನ್ನೀರಿನಡಿ ಹೋಗಿದೆಯೆಂದೂ, ತಾತ ತನ್ನ ಓರಗೆಯವನಾಗಿದ್ದ 1973ಕ್ಕೆ ಹುಡುಗ ಹೋಗುತ್ತಾನೆಂದೂ ಇಟ್ಟುಕೊಳ್ಳಿ. ಊರನ್ನು ಉಳಿಸಬೇಕೆಂಬ ಹಟ ಅವನಿಗೆ ಸಹಜವಾಗಿ ಬರುತ್ತದೆ. ಆದರೆ ಊರು ಉಳಿದಿದ್ದರೆ ತಾತ ಹಾಸನಕ್ಕೆ ಬರುತ್ತಿರಲಿಲ್ಲ, ಅಜ್ಜಿಯ ಕೈಹಿಡಿಯುತ್ತಿರಲಿಲ್ಲ, ಹುಡುಗ ಹುಟ್ಟುತ್ತಲೇ ಇರಲಿಲ್ಲ. ಗೋಡೆಗೆ ಅಂಟಿಸಿದ ವಾಕ್ಯಕ್ಕೆ ಇಲ್ಲಿ ಜೀವ ಬರುತ್ತದೆ. ಊರಿನ ಹೆಸರನ್ನು ಮಾತ್ರ ಕಲ್ಪಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಳುಗಡೆಯ ನೋವನ್ನು ನಿಜವಾಗಿ ಉಂಡವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ.

ಐವತ್ತು ವರ್ಷ ಹಿಂದಿನ ಕಾಲವನ್ನು ಕಟ್ಟುವುದು ಸುಲಭವೆಂದು ಉದಾಸೀನ ಮಾಡಬೇಡಿ, ಅದನ್ನು ಕಂಡ ಪ್ರೇಕ್ಷಕರು ಸಭೆಯಲ್ಲೇ ಕೂತಿರುತ್ತಾರೆ. 1973ರ ನವೆಂಬರ್ 1ಕ್ಕೆ ಮೊದಲಿನ ದೃಶ್ಯವಾದರೆ ಕಚೇರಿಯ ಫಲಕದಲ್ಲಿ ಇರಬೇಕಾದದ್ದು ಮೈಸೂರು ರಾಜ್ಯ, ಕರ್ನಾಟಕವಲ್ಲ. ಹುಡುಗನ ಜೇಬಿನಲ್ಲಿರುವ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ ನಾಣ್ಯವನ್ನು ಅಂಗಡಿಯವನು ಆಟದ ಬಿಲ್ಲೆಯೆಂದುಕೊಳ್ಳಬಹುದು. ಅದರ ಮೇಲಿನ ಇಸವಿಯನ್ನು ಅವನು ಓದುವ ಹೊತ್ತಿಗೆ ಹುಡುಗ ಓಟ ಕಿತ್ತಿರಬೇಕು.

ಚಿತ್ರದ ಹೃದಯವಿರುವುದು ಮಾತ್ರ ಸಂಬೋಧನೆಯಲ್ಲಿ ಎಂದು ನನ್ನ ಅಭಿಪ್ರಾಯ. ತನ್ನಷ್ಟೇ ಎತ್ತರದ, ಚಡ್ಡಿ ಹಾಕಿದ ಹುಡುಗನಿಗೆ ನಮ್ಮ ನಾಯಕ ಬಾಯಿತಪ್ಪಿ ‘ನೀವು ಬನ್ನಿ’ ಎನ್ನುತ್ತಾನೆ. ಅವನು ‘ಯಾರಿಗೋ ಬನ್ನಿ ಅಂತಿದೀಯ?’ ಎಂದು ನಗುತ್ತಾನೆ. ತಾತನನ್ನು ‘ಬಾರೋ’ ಎಂದು ಕರೆಯಲು ನಾಲಿಗೆ ಹೊರಳುವುದಕ್ಕೆ ಹುಡುಗನಿಗೆ ಮೂರು ನಾಲ್ಕು ದೃಶ್ಯಗಳಾದರೂ ಬೇಕು, ಹಾಗೆ ಕರೆದ ದೃಶ್ಯವೇ ಇಬ್ಬರೂ ಗೆಳೆಯರಾದ ದೃಶ್ಯವಾಗಬೇಕು. ಇದನ್ನು ಪಾತ್ರಗಳ ಬಾಯಲ್ಲಿ ವಿವರಿಸಲು ಹೋಗಬೇಡಿ.

ವಿಜ್ಞಾನವೆಷ್ಟು ಬೇಕು? ಸ್ವಲ್ಪ, ಆದರೆ ಸರಿಯಾದದ್ದು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಕಾಲ ಎಲ್ಲೆಡೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೋಡುವುದರಿಂದ ಅವನ್ನು ತಿದ್ದಿಯೇ ಬಳಸುತ್ತಾರೆ. ಉಪಗ್ರಹಗಳನ್ನು ಕಾಯುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲೇ ಇರುವಾಗ, ಹುಡುಗನ ತಾಯಿ ಅಲ್ಲಿನ ಉದ್ಯೋಗಿಯಾಗಿ ಊಟದ ಹೊತ್ತಿನಲ್ಲಿ ಈ ಮಾತು ಹೇಳುವುದು ಅಸಹಜವೆನಿಸದು. ಅದಕ್ಕೆ ಅಜ್ಜಿ ಪುರಾಣದ ಕಕುದ್ಮಿಯ ಕಥೆ ಜೋಡಿಸಲಿ: ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ, ಅಲ್ಲಿ ಗಾಯನ ಮುಗಿಯಲೆಂದು ಕಾದಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಉರುಳಿದ್ದವು. ಆದರೆ ಪುರಾಣದಲ್ಲೇ ವಿಜ್ಞಾನವೆಲ್ಲ ಇತ್ತೆಂದು ಹೇಳಿಸಬೇಡಿ. ಎರಡೂ ಭವಿಷ್ಯದ ಕಡೆಗಿನ ಪಯಣದ ಮಾತುಗಳೇ; ಹಿಂದಕ್ಕೆ ಹೋಗುವುದು ನಿಮ್ಮ ಕಲ್ಪನೆ, ಅದಕ್ಕೆ ಸೂತ್ರ ಹುಡುಕುವ ಅಗತ್ಯವಿಲ್ಲ.

ಚಿತ್ರೀಕರಣದಲ್ಲಿ ಮೊದಲ ಮಾತು ಸುರಕ್ಷತೆಯದು. ಪಾಳುಬಿದ್ದ ಗೋಡೆಗಳ ಮೇಲೆ ಮಕ್ಕಳನ್ನು ಹತ್ತಿಸಬಾರದು, ಹಿನ್ನೀರಿನ ಅಂಚಿನ ಕೆಸರಿಗೆ ಅವರನ್ನು ಇಳಿಸಬಾರದು. ನೀರಿನ ದೃಶ್ಯಗಳನ್ನು ದೂರದಿಂದ ಹಿಡಿದು, ಹುಡುಗನ ಮುಖವನ್ನು ದಡದಲ್ಲೇ ಚಿತ್ರಿಸಿ ಜೋಡಿಸಿಕೊಳ್ಳಿ. ಬಾಲ ಕಲಾವಿದರನ್ನು ದುಡಿಸಿಕೊಳ್ಳಲು ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಅವರಿಂದ ಕೆಲಸ ಮಾಡಿಸುವಂತಿಲ್ಲ, ಗಳಿಕೆಯಲ್ಲಿ ಕನಿಷ್ಠ ಶೇಕಡ 20ರಷ್ಟನ್ನು ಅವರ ಹೆಸರಿನಲ್ಲೇ ಠೇವಣಿ ಇಡಬೇಕು.

ಚರ್ಚು ಒಣಗಿ ನಿಂತದ್ದೂ ಬೇಕು, ಮುಳುಗಿದ್ದೂ ಬೇಕು ಎಂದಾದರೆ ಏಪ್ರಿಲಿನಲ್ಲೊಮ್ಮೆ, ಮಳೆ ಚೆನ್ನಾಗಿ ಹಿಡಿದ ಮೇಲೊಮ್ಮೆ ಹೋಗಬೇಕಾಗುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಹುಡುಗ ಒಂದಂಗುಲ ಬೆಳೆದಿರಬಹುದು, ಹಾಲುಹಲ್ಲು ಬಿದ್ದಿರಬಹುದು, ದನಿ ಒಡೆದಿರಬಹುದು. ಆದ್ದರಿಂದ ಅವನ ಮುಖ ಹತ್ತಿರದಿಂದ ಕಾಣುವ, ಅವನು ಮಾತಾಡುವ ದೃಶ್ಯಗಳನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ, ಮಳೆಗಾಲಕ್ಕೆ ಅವನ ಬೆನ್ನನ್ನಷ್ಟೇ ಉಳಿಸಿಕೊಳ್ಳಿ. ಅಂಗಿಯನ್ನು ಒಂದು ಅಳತೆ ದೊಡ್ಡದಾಗಿ ಇನ್ನೊಂದು ಜೊತೆ ಈಗಲೇ ಹೊಲಿಸಿಡಿ.