‘ಚೆಕ್‌ಬುಕ್ ಬದಲಾದ ಹಾಗೆ ಇದೂ ಬದಲಾಗ್ತದಾ?’

ಮಂಗಳೂರಿನ ಬಲ್ಮಠದಲ್ಲಿ ನಮ್ಮದೊಂದು ಸಣ್ಣ ಆಫೀಸು. ನಾನು, ಜೊತೆಗೆ ಇಬ್ಬರು ಹುಡುಗರು. ಊರಿನ ಅಂಗಡಿ, ಕ್ಲಿನಿಕ್, ದೇವಸ್ಥಾನಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಆಮೇಲೆ ಅದನ್ನು ನೋಡಿಕೊಳ್ಳುವವರೂ ನಾವೇ. ಆಗ 46 ಗ್ರಾಹಕರಿದ್ದರು, ಎಲ್ಲರ ಸೈಟೂ ಒಂದೇ ಕ್ಲೌಡ್ ಕಂಪನಿಯಿಂದ ಬಾಡಿಗೆಗೆ ಪಡೆದ ಸರ್ವರ್‌ಗಳಲ್ಲಿತ್ತು. ಒಂದು ಜನವರಿಯ ರಾತ್ರಿ ಆ ಕಂಪನಿಯಿಂದ ಮೇಲ್ ಬಂತು. ತಮ್ಮನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿದೆ, ನಿಮಗೆ ಮಾತ್ರ ಏನೂ ಬದಲಾಗುವುದಿಲ್ಲ ಅಂತ.

ಆ ಇಂಗ್ಲಿಷ್ ಮೇಲನ್ನು ಹಾಗೆಯೇ 46 ಜನರಿಗೂ ಕಳಿಸಿಬಿಟ್ಟೆ. ಮೇಲೆ ಒಂದೇ ಸಾಲು ಬರೆದೆ: ‘ಗಾಬರಿ ಬೇಡ.’ ಹಾಗೆ ಮಾಡಬಾರದಿತ್ತು. ಗಾಬರಿ ಬೇಡ ಅಂತ ಓದಿದ ಮೇಲೆಯೇ ಅವರಿಗೆ ಗಾಬರಿ ಶುರುವಾಯಿತು.

ಬೆಳಗ್ಗೆ ಎಂಟೂವರೆಗೆ ಬಂದರಿನ ಗೇರುಬೀಜದ ವ್ಯಾಪಾರಿಯ ಫೋನ್ ಬಂತು. ‘ಮಾರಾಯ್ರೆ, ವಿಜಯಾ ಬ್ಯಾಂಕ್ ಹೋಗಿ ಬರೋಡಾ ಆದಾಗ ನಮ್ಮ ಚೆಕ್‌ಬುಕ್ ಎಲ್ಲ ಬದಲಾಯ್ತಲ್ಲ, ಹಾಗೆ ಇದೂ ಬದಲಾಗ್ತದಾ? ಇಮೇಲ್ ಅಡ್ರೆಸ್ ನನ್ನ ಡಬ್ಬದ ಮೇಲೆಲ್ಲ ಪ್ರಿಂಟ್ ಆಗಿ ಉಂಟು.’

ಆ ಪ್ರಶ್ನೆ ಕೇಳಿದಾಗ ನನಗೆ ಒಂದು ವಿಷಯ ಹೊಳೆಯಿತು. ಸರ್ವರ್, ಕ್ಲೌಡ್ ಇವರಿಗೆ ಹೊಸತಿರಬಹುದು, ಆದರೆ ಒಂದು ಸಂಸ್ಥೆ ಇನ್ನೊಂದರೊಳಗೆ ಸೇರುವುದು ಹೊಸತಲ್ಲ. ನಮ್ಮ ಕರಾವಳಿಯವರು ಅದನ್ನು ಮನೆಯೊಳಗೇ ನೋಡಿದವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕ್‌ಗಳು ಹೋದವು. 1906ರ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, 1925ರ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ. ವಿಲೀನದ ದಿನ ಕೌಂಟರಿನಲ್ಲಿ ಅದೇ ಮುಖ, ಅದೇ ಪಾಸ್‌ಬುಕ್. ಸಿಂಡಿಕೇಟ್‌ನ ಹಳೆಯ ಐಎಫ್‌ಎಸ್‌ಸಿ ಕೋಡ್ ನಿಂತದ್ದು 2021ರ ಜುಲೈ 1ಕ್ಕೆ, ಹದಿನೈದು ತಿಂಗಳ ನಂತರ. ಅಂದರೆ ಬದಲಾವಣೆ ಘೋಷಣೆಯ ದಿನ ಬರುವುದಿಲ್ಲ. ತಡವಾಗಿ, ನಾವು ಮರೆತಿರುವಾಗ ಬರುತ್ತದೆ.

ಆ ವಾರ ಬಂದ ಪ್ರಶ್ನೆಗಳೆಲ್ಲ ಒಂದೇ ಥರ ಇರಲಿಲ್ಲ. ಉಡುಪಿ ಕಡೆಯ ಒಂದು ದೇವಸ್ಥಾನದ ಮೊಕ್ತೇಸರರು, ‘ಭಕ್ತರು ಸೇವೆಗೆ ಕಟ್ಟುವ ದುಡ್ಡು ಇನ್ನು ಯಾರ ಕೈಗೆ ಹೋಗ್ತದೆ?’ ಅಂತ ಕೇಳಿದರು. ದುಡ್ಡು ಆ ಕ್ಲೌಡ್ ಕಂಪನಿಗೆ ಮುಟ್ಟುವುದೇ ಇಲ್ಲ, ಆನ್‌ಲೈನ್ ಪಾವತಿ ನಡೆಸುವ ಪೇಮೆಂಟ್ ಗೇಟ್‌ವೇಯಿಂದ ನೇರ ದೇವಸ್ಥಾನದ ಖಾತೆಗೆ ಹೋಗುತ್ತದೆ ಅಂತ ಹೋಗಿ ಕೂತು ವಿವರಿಸಿದೆ. ಕದ್ರಿಯ ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಲಿಲ್ಲ, ಬರೆದು ಕೇಳಿದರು. ರೋಗಿಗಳ ಮಾಹಿತಿ ಈಗ ಯಾವ ಊರಿನ ಸರ್ವರಿನಲ್ಲಿದೆ? ಮುಂದೆಯೂ ಅಲ್ಲೇ ಇರುತ್ತದಾ? ಮೊದಲನೆಯದಕ್ಕೆ ಮುಂಬೈ ಅಂತ ಉತ್ತರ ಕೊಟ್ಟೆ. ಎರಡನೆಯದಕ್ಕೆ ಹೊಸ ಕಂಪನಿ ಲಿಖಿತದಲ್ಲಿ ಏನೂ ಹೇಳಿರಲಿಲ್ಲ, ಅದನ್ನೂ ಹಾಗೆಯೇ ತಿಳಿಸಿದೆ. ನನ್ನ ಪ್ರಕಾರ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಅವರದು.

ಆನ್‌ಲೈನ್ ಬಟ್ಟೆ ಅಂಗಡಿ ನಡೆಸುವ ಒಬ್ಬ ಹುಡುಗ ಮಾತ್ರ ಸಿಟ್ಟಿನಲ್ಲೇ ಬಂದ. ‘ಈಗಲೇ ಬೇರೆ ಕಡೆ ಹಾಕಿ ಅಣ್ಣ, ರೇಟ್ ಜಾಸ್ತಿ ಮಾಡೇ ಮಾಡ್ತಾರೆ, ಲಿನೋಡ್ ಕತೆ ಗೊತ್ತುಂಟಲ್ಲ?’ ಅವನು ಹೇಳಿದ್ದು ಸುಳ್ಳಲ್ಲ. 2003ರಿಂದ ಸ್ವತಂತ್ರವಾಗಿದ್ದ ಲಿನೋಡ್ ಎಂಬ ಕ್ಲೌಡ್ ಕಂಪನಿಯನ್ನು ಅಕಾಮೈ ಎಂಬ ದೊಡ್ಡ ಕಂಪನಿ 2022ರಲ್ಲಿ ಸುಮಾರು 90 ಕೋಟಿ ಡಾಲರ್‌ಗೆ ಕೊಂಡಿತು. 2023ರ ಏಪ್ರಿಲ್‌ನಿಂದ ಹೆಚ್ಚಿನ ಪ್ಲಾನ್‌ಗಳ ದರ ಶೇ. 20 ಏರಿತು, 5 ಡಾಲರಿನ ಅತಿ ಸಣ್ಣ ಪ್ಲಾನ್ ಹಾಗೆಯೇ ಉಳಿಯಿತು. ಇದಕ್ಕಿಂತ ಕಷ್ಟದ ಉದಾಹರಣೆಯೂ ಇದೆ. ಜಾಯೆಂಟ್ ಎಂಬ ಕ್ಲೌಡ್ ಕಂಪನಿಯನ್ನು ಸ್ಯಾಮ್‌ಸಂಗ್ 2016ರಲ್ಲಿ ಕೊಂಡಿತು, 2019ರಲ್ಲಿ ಅದರ ಸಾರ್ವಜನಿಕ ಕ್ಲೌಡ್ ಮುಚ್ಚಿಯೇ ಹೋಯಿತು. ಆದರೆ ಎರಡರಲ್ಲೂ ನಡುವೆ ಸಮಯ ಇತ್ತಲ್ವಾ? ಅದನ್ನೇ ಅವನಿಗೆ ಹೇಳಿದೆ. ಸಿಟ್ಟಿನಲ್ಲಿ ಒಂದೇ ರಾತ್ರಿ ಸೈಟ್ ಎತ್ತಿ ಇನ್ನೊಂದು ಕಡೆ ಇಟ್ಟರೆ ಹಾಳಾಗುವುದು ನಮ್ಮದೇ. ಸಿಕ್ಕಿದ ಸಮಯದಲ್ಲಿ ಹೊರಡಲು ತಯಾರಾಗಿರೋಣ.

ಮರುದಿನ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆದೆ. ಇವತ್ತು ಏನು ಬದಲಾಗುವುದಿಲ್ಲ, ವರ್ಷದೊಳಗೆ ಏನು ಬದಲಾಗಬಹುದು, ಅದಕ್ಕೆ ನಾನು ಈಗ ಏನು ಮಾಡುತ್ತಿದ್ದೇನೆ, ಇಷ್ಟೇ. ‘ಬ್ಯಾಂಕ್ ಸೇರಿದಾಗ ಖಾತೆಯ ದುಡ್ಡು ಉಳಿಯಿತು, ಕೋಡ್ ಬದಲಾಯಿತು. ಇದೂ ಹಾಗೆ. ನಿಮ್ಮ ಇಮೇಲ್ ಅಡ್ರೆಸ್ ನಿಮ್ಮ ಡೊಮೇನ್ (ಸೈಟಿನ ವಿಳಾಸ) ಹೆಸರಿನದು, ಆ ಕಂಪನಿಯದಲ್ಲ’ ಅಂತ ಬರೆದ ಮೇಲೆ ಫೋನ್ ಕಡಿಮೆಯಾಯಿತು.

ಆದರೆ ಆ ಸಾಲು ನಿಜವಾಗಬೇಕಾದರೆ ಡೊಮೇನ್ ಗ್ರಾಹಕರ ಹೆಸರಿನಲ್ಲಿರಬೇಕು. ಕೂತು ಒಂದೊಂದೇ ನೋಡಿದೆವು. ಒಂಬತ್ತು ಡೊಮೇನ್ ಹಿಂದೆ ಕೆಲಸ ಬಿಟ್ಟು ಹೋದವರ ಇಮೇಲ್‌ನಲ್ಲಿದ್ದವು. ಒಂದು ಜವಳಿ ಅಂಗಡಿಯದಂತೂ ದುಬೈಗೆ ಹೋದ ಅಳಿಯನ ಹೆಸರಿನಲ್ಲಿತ್ತು. ಈ ಒಂಬತ್ತು ಜನರಲ್ಲಿ ಯಾರೂ ನನಗೆ ಫೋನ್ ಮಾಡಿದವರಲ್ಲ. ಸುಮ್ಮನಿದ್ದವರು ಆರಾಮಾಗಿದ್ದಾರೆ ಅಂದುಕೊಂಡಿದ್ದೆ, ನಿಜವಾಗಿ ಅಪಾಯದಲ್ಲಿದ್ದವರು ಅವರೇ.

ಆಮೇಲೆ ಬ್ಯಾಕಪ್. ಪ್ರತಿ ಸೈಟಿನ ಪೂರ್ತಿ ಕಾಪಿ ತೆಗೆದು ಒಂದನ್ನು ಆಫೀಸಿನ ಹಾರ್ಡ್‌ಡಿಸ್ಕಿಗೆ, ಇನ್ನೊಂದನ್ನು ಬೇರೆ ಕಂಪನಿಯ ಸ್ಟೋರೇಜಿಗೆ ಹಾಕಿದೆವು. ತೆಗೆದರೆ ಸಾಲದು, ಇನ್ನೊಂದು ಸರ್ವರಿನಲ್ಲಿ ತೆರೆದೂ ನೋಡಬೇಕು. ಹಾಗೆ ನೋಡಿದ್ದರಿಂದಲೇ ಎರಡು ಸೈಟಿನ ಡೇಟಾಬೇಸ್ ಫೈಲ್ ಖಾಲಿ ಇರುವುದು ಗೊತ್ತಾಯಿತು. ತಿಂಗಳುಗಟ್ಟಲೆ ‘ಬ್ಯಾಕಪ್ ಆಯಿತು’ ಅಂತ ಮೇಲ್ ಬರುತ್ತಿತ್ತು, ಒಳಗೆ ಏನೂ ಇರಲಿಲ್ಲ. ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿನಿಂದ ಅದರ ಸರ್ವರ್ ಹುಡುಕಿಕೊಡುವ ವ್ಯವಸ್ಥೆ) ಹಳೆಯ ವಿಳಾಸ ನೆನಪಿಡುವ ಅವಧಿಯನ್ನು 24 ಗಂಟೆಯಿಂದ 5 ನಿಮಿಷಕ್ಕೆ ಇಳಿಸಿದೆವು. ಸರ್ವರ್ ಬದಲಿಸುವ ದಿನ ಬಂದರೆ ಜನ ಬೇಗ ಹೊಸ ಕಡೆ ಬಂದು ಮುಟ್ಟುತ್ತಾರೆ.

ಆದರೂ ಒಂದು ತಪ್ಪಿಹೋಯಿತು. ಆರು ತಿಂಗಳ ನಂತರ ಬಿಲ್ ಹೊಸ ಕಂಪನಿಯ ಹೆಸರಿಗೆ ಬದಲಾಯಿತು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಹೋಗಬೇಕಾದರೆ ನಾವು ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು. ನಾನು ಕೊಟ್ಟ ಒಪ್ಪಿಗೆ ಹಳೆಯ ಹೆಸರಿಗೆ ಇತ್ತು. ಹಣ ಹೋಗಲಿಲ್ಲ. ಎಚ್ಚರಿಕೆಯ ಮೇಲ್ ನಾನು ನೋಡದ ಹಳೆಯ ವಿಳಾಸಕ್ಕೆ ಹೋಗಿತ್ತು. ನಾಗರಪಂಚಮಿಯ ಹಿಂದಿನ ದಿನ ಬೆಳಗ್ಗೆ ಮೂರು ಸರ್ವರ್ ನಿಂತವು, ಅದರಲ್ಲಿ ದೇವಸ್ಥಾನದ್ದೂ ಇತ್ತು.

ಮೊಕ್ತೇಸರರು ಬಯ್ಯಲಿಲ್ಲ. ‘ತಂಬಿಲಕ್ಕೆ ಬರೆಸಿದವರ ಪಟ್ಟಿ ಬೇಕಿತ್ತಲ್ಲ, ಎಂತ ಮಾಡುವುದು?’ ಅಂತ ಕೇಳಿದರು, ಅಷ್ಟೇ. ತಂಬಿಲ ಅಂದರೆ ನಾಗನಿಗೆ ಕೊಡುವ ಸೇವೆ. ಹಿಂದಿನ ರಾತ್ರಿಯ ಕಾಪಿ ನಮ್ಮಲ್ಲಿತ್ತು. ಅದರಿಂದ ಹೆಸರು, ನಕ್ಷತ್ರ, ಫೋನ್ ನಂಬರ್ ತೆಗೆದು ಅರ್ಧ ಗಂಟೆಯಲ್ಲಿ ವಾಟ್ಸಾಪಿಗೆ ಕಳಿಸಿದೆ. ಹಣ ಕಟ್ಟಿದ ಮೇಲೂ ಸರ್ವರ್ ಏಳಲು ಆರು ಗಂಟೆ ಬೇಕಾಯಿತು. ಮೊದಲು ಇಪ್ಪತ್ತು ನಿಮಿಷದಲ್ಲಿ ಹೆಸರು ಹಾಕಿ ಉತ್ತರಿಸುತ್ತಿದ್ದ ಸಪೋರ್ಟ್‌ನವರು ಆ ದಿನ ಕಳಿಸಿದ್ದು ಬರೀ ದೂರಿನ ಟಿಕೆಟ್ ನಂಬರ್. ಸಂಜೆ ಮೂವರ ಬಳಿಗೂ ಹೋಗಿ ತಪ್ಪು ನನ್ನದು ಅಂತ ಹೇಳಿ ಬಂದೆ.

ಕೊನೆಗೆ ಹನ್ನೊಂದು ಜನರನ್ನು ಬೇರೆ ಕಡೆಗೆ ಸಾಗಿಸಿದೆವು. ಸಿಟ್ಟಿನ ಹುಡುಗ ಅಲ್ಲೇ ಉಳಿದ, ಗೇರುಬೀಜದವರು ಹೊರಟರು. ‘ಫೋನ್ ಮಾಡಿದ್ರೆ ಎತ್ತುವವರು ಇರುವಲ್ಲಿ ಹಾಕಿ’ ಎಂದರು.

ಈಗ ಪ್ರತಿ ಗ್ರಾಹಕರಿಗೂ ಒಂದು ಹಾಳೆ ಕೊಡುತ್ತೇನೆ. ಡೊಮೇನ್ ಯಾರ ಹೆಸರಿನಲ್ಲಿದೆ, ಬಿಲ್ ಯಾವ ಕಾರ್ಡಿನಿಂದ ಹೋಗುತ್ತದೆ, ಕಾಪಿ ಎಲ್ಲಿದೆ ಅಂತ ಅದರಲ್ಲಿ ಇರುತ್ತದೆ. ಮೊಕ್ತೇಸರರು ಅದನ್ನು ದೇವಸ್ಥಾನದ ಆಫೀಸಿನ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ಈ ವರ್ಷ ನಾಗರಪಂಚಮಿಗೆ ವಾರ ಇರುವಾಗ ಅವರದೇ ಫೋನ್ ಬಂತು. ‘ಕಾಪಿ ತೆಗೆದು ಇಟ್ಟಿದ್ದೀರಲ್ಲ?’

ತೆಗೆದಿಟ್ಟಿದ್ದೆ.