ಬೀಳುವುದು ಮೊದಲು ಕಲಿತೆ, ಬೇಡ ಅನ್ನುವುದು ಆಮೇಲೆ

ಪ್ರೊ ಕುಸ್ತಿ, ಅಂದರೆ ಟಿವಿಯಲ್ಲಿ ತೋರಿಸುವ ರೆಸ್ಲಿಂಗ್, ಕಲಿಯಲು ಸೇರಿದ ಮೊದಲ ಆರು ವಾರ ನಾನು ಮಾಡಿದ್ದು ಒಂದೇ ಕೆಲಸ, ಬೀಳುವುದು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಎರಡೂ ಕೈ ಮೈಯಿಂದ ಸ್ವಲ್ಪ ದೂರ ಚಾಚಿ, ಅಂಗೈಯಿಂದ ನೆಲ ಬಡಿಯಬೇಕು. ಬೆನ್ನಿನ ಮೇಲ್ಭಾಗ ಚಪ್ಪಟೆಯಾಗಿ ಒಂದೇ ಸಲಕ್ಕೆ ಮುಟ್ಟಬೇಕು. ಸೊಂಟ ಮೊದಲು ತಾಗಬಾರದು, ಮೊಣಕೈ ಊರಲೇಬಾರದು. ಬೀಳುವ ಹೊತ್ತಿಗೆ ಸರಿಯಾಗಿ ಉಸಿರು ಹೊರಗೆ ಬಿಡಬೇಕು. ಇದಕ್ಕೆ ನಮ್ಮಲ್ಲಿ ಬಂಪ್ ಅನ್ನುತ್ತಾರೆ. ಮೊದಲು ಕೂತು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ನಾನು ಗದ್ದ ಒತ್ತುವುದನ್ನು ಎರಡು ಸಲ ಮರೆತೆ. ಎರಡು ಸಲವೂ ತಲೆಯ ಹಿಂಭಾಗ ಹಲಗೆಗೆ ಬಡಿಯಿತು. ಮೂರನೇ ಸಲ ಕೋಚ್ ಗದ್ದದ ಕೆಳಗೆ ಟೆನಿಸ್ ಬಾಲ್ ಸಿಕ್ಕಿಸಿಕೊಳ್ಳಲು ಹೇಳಿದರು. ಬಾಲ್ ಕೆಳಗೆ ಬಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು.

ರಿಂಗ್ ಮೆತ್ತಗಿರುತ್ತದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಕಬ್ಬಿಣದ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಫೋಮ್, ಅದರ ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸ್, ಅಷ್ಟೇ. ನಿಮಗೆ ಕೇಳುವ ಆ ದೊಡ್ಡ ಸದ್ದು ಹಲಗೆಯದು. ಅಗಲ ಹದಿನಾರು ಅಡಿಯಿಂದ ಇಪ್ಪತ್ತು ಅಡಿವರೆಗೆ ಇರುತ್ತದೆ. ಸಣ್ಣ ಸಂಸ್ಥೆಗಳಲ್ಲಿ ಸಣ್ಣ ರಿಂಗೇ ಜಾಸ್ತಿ. ಹಗ್ಗ ಅನ್ನುತ್ತೇವಲ್ಲ, ಅದು ಬಹಳ ಕಡೆ ನಿಜವಾದ ಹಗ್ಗವೂ ಅಲ್ಲ. ಉಕ್ಕಿನ ಕೇಬಲ್, ಅದಕ್ಕೆ ರಬ್ಬರ್ ಪೈಪ್ ತೊಡಿಸಿ ಮೇಲೆ ಟೇಪ್ ಸುತ್ತಿರುತ್ತಾರೆ. ಅದಕ್ಕೆ ಓಡಿ ಹೋಗಿ ಬೆನ್ನು ಕೊಟ್ಟು ವಾಪಸ್ ಬರುವುದನ್ನು ಕಲಿತ ವಾರ, ನನ್ನ ಬಲ ಕಂಕುಳಿನಿಂದ ಬೆನ್ನಿನವರೆಗೆ ನೇರಳೆ ಬಣ್ಣದ ಪಟ್ಟೆ ಎದ್ದಿತ್ತು. ಮೂರು ಹೆಜ್ಜೆ, ತಿರುಗು, ಮೇಲಿನ ಹಗ್ಗ ಹಿಡಿ, ಮತ್ತೆ ಮೂರು ಹೆಜ್ಜೆ. ಹಗ್ಗ ಹಿಡಿಯುವುದು ಚಂದಕ್ಕಲ್ಲ. ಎಂದಾದರೂ ಅದು ತುಂಡಾದರೆ ನೀವು ಸೀದಾ ಹೊರಗಿನ ನೆಲಕ್ಕೆ ಹೋಗಬಾರದು ಅಂತ.

ಆ ಕಲೆಗಳ ಬಗ್ಗೆ ಒಂದು ಮಾತು. ಗಂಡಸರ ಮೈಮೇಲೆ ಇಂಥ ಕಲೆ ಕಂಡರೆ ಜನ ಆಟ ಆಡಿರಬೇಕು ಅಂದುಕೊಳ್ಳುತ್ತಾರೆ. ನನ್ನ ತೋಳು ನೋಡಿದ ಒಬ್ಬ ನರ್ಸ್ ಬಾಗಿಲು ಹಾಕಿ ಬಂದು, ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂತ ಮೆಲ್ಲಗೆ ಕೇಳಿದರು. ಅವರು ಕೇಳಿದ್ದು ಸರಿಯೇ. ಆದರೆ ಕುಸ್ತಿ ಆಡುತ್ತೇನೆ ಅಂದರೆ ನಂಬಿಸಲು ಫೋನಿನಲ್ಲಿದ್ದ ವಿಡಿಯೋ ತೋರಿಸಬೇಕಾಯಿತು.

ಮೊದಲ ಪಂದ್ಯಕ್ಕೆ ಮುಂಚೆ ಹತ್ತು ತಿಂಗಳು ರಿಂಗ್ ಜೋಡಿಸಿದೆ, ಬಿಚ್ಚಿದೆ, ಕುರ್ಚಿ ಹಾಕಿದೆ, ಬಾಗಿಲಲ್ಲಿ ಟಿಕೆಟ್ ಹರಿದೆ. ಹೊಸಬರ ಪಾಲಿಗೆ ಇದೇ ಕೆಲಸ. ಡ್ರೆಸ್ಸಿಂಗ್ ರೂಮಿಗೆ ಕಾಲಿಟ್ಟರೆ ಅಲ್ಲಿರುವ ಒಬ್ಬೊಬ್ಬರ ಕೈಯನ್ನೂ ಕುಲುಕಬೇಕು, ಗೊತ್ತಿರಲಿ ಬಿಡಲಿ. ಕೈ ಹಿಡಿತ ಹಗುರವಾಗಿರಬೇಕು. ಎದುರಿಗಿರುವವರ ಮೈಯನ್ನು ಹಗುರವಾಗಿ ಹಿಡಿಯುವವಳು ನಾನು ಅಂತ ತಿಳಿಸುವ ರೀತಿ ಅದು. ಹಾಗಂತ ನನಗೆ ಹೇಳಿದರು, ನಾನೂ ಈಗ ಹೊಸಬರಿಗೆ ಅದನ್ನೇ ಹೇಳುತ್ತೇನೆ.

ಮೊದಲ ಪಂದ್ಯ ಆರು ನಿಮಿಷದ್ದು. ಗಂಟೆ ಹೊಡೆದ ತಕ್ಷಣ ನನಗೆ ಎಲ್ಲ ಮರೆತುಹೋಯಿತು. ಎದುರಾಳಿ ನನಗಿಂತ ಬಹಳ ಹಿರಿಯರು. ನನ್ನ ತಲೆಯನ್ನು ಕಂಕುಳಲ್ಲಿ ಅಮುಕಿ ಹೆಡ್‌ಲಾಕ್ ಹಾಕಿಕೊಂಡು, ಕೂದಲಿನ ಮರೆಯಲ್ಲಿ ಬಾಯಿ ಇಟ್ಟು, "ಉಸಿರಾಡು, ಈಗ ನನ್ನನ್ನು ಹಗ್ಗಕ್ಕೆ ತಳ್ಳು" ಅಂದರು. ಆಮೇಲೆ "ಬಗ್ಗು". ಆಮೇಲೆ "ಬೀಳು". ಆರೂ ನಿಮಿಷ ಹೀಗೇ ಕೈ ಹಿಡಿದು ನಡೆಸಿದರು. ನೋಡುವವರಿಗೆ ಅವರು ನನ್ನನ್ನು ಚಚ್ಚಿ ಹಾಕುತ್ತಿದ್ದರು. ಜನ ಅವರಿಗೆ ಬೈದಷ್ಟೂ ನನಗೆ ಚಪ್ಪಾಳೆ ಸಿಕ್ಕಿತು. ಅವರು ಹೀಲ್, ಅಂದರೆ ಕೆಟ್ಟವಳ ಪಾತ್ರ. ಆ ಪಾತ್ರ ಮಾಡುವವರೇ ಪಂದ್ಯ ನಡೆಸುವುದು ಅಂತ ನನಗೆ ಅರ್ಥವಾಗಿದ್ದು ಅವತ್ತು.

ಇದೆಲ್ಲ ಸುಮ್ನೆ ನಾಟಕ ಅಲ್ವಾ ಅಂತ ಕೇಳುತ್ತಾರೆ. ಗೆಲ್ಲುವುದು ಯಾರು ಅಂತ ಮೊದಲೇ ಗೊತ್ತಿರುತ್ತದೆ, ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಕೊನೆಯ ಪಟ್ಟು, ನಡುವೆ ಜನ ಬೆರಗಾಗುವಂಥ ಎರಡು ಮೂರು ದೊಡ್ಡ ಪಟ್ಟು, ಅಂದರೆ ಸ್ಪಾಟ್, ಒಟ್ಟು ಸಮಯ, ಇಷ್ಟನ್ನು ಕೂತು ಮಾತಾಡಿಕೊಳ್ಳುತ್ತೇವೆ. ಉಳಿದದ್ದು ಜನರ ಸದ್ದು ಕೇಳಿಕೊಂಡು ಅಲ್ಲೇ ಆಗುತ್ತದೆ. ಇನ್ನೆಷ್ಟು ನಿಮಿಷ ಉಳಿದಿದೆ ಅಂತ ರೆಫರಿ ಬಂದು ಪಿಸುಗುಡುತ್ತಾರೆ. ಪೆಟ್ಟು ತಿಂದು ಬಿದ್ದವರ ಕೈಯನ್ನು ಹಿಡಿದು ಮೆಲ್ಲಗೆ ಒತ್ತುತ್ತೇವೆ. ವಾಪಸ್ ಒತ್ತಿದರೆ ಅವರು ಚೆನ್ನಾಗಿದ್ದಾರೆ ಅಂತ ಅರ್ಥ. ಒತ್ತದಿದ್ದರೆ ರೆಫರಿ ಎರಡೂ ಕೈ ಅಡ್ಡ ಹಿಡಿದು ಎಕ್ಸ್ ಗುರುತು ತೋರಿಸುತ್ತಾರೆ, ಆಗ ನಾಟಕ ನಿಂತಿತು. ಅಮೆರಿಕದ ಶೈಲಿಯಲ್ಲಿ ಎದುರಾಳಿಯ ಎಡಗೈ, ಎಡಗಾಲನ್ನೇ ಹಿಡಿಯುವುದು ರೂಢಿ. ಮೆಕ್ಸಿಕೋದ ಲೂಚಾ ಲಿಬ್ರೆ ಅನ್ನುವ ಶೈಲಿಯಲ್ಲಿ ಬಲಭಾಗ. ಹಾಗಾಗಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರೂ ಹತ್ತು ನಿಮಿಷ ಆಡಬಹುದು, ಯಾವ ಕಡೆ ಅಂತ ಮೊದಲೇ ಕೇಳಿಕೊಂಡರೆ.

ನಾನು ಶುರು ಮಾಡಿದಾಗ ಒಂದು ಶೋನಲ್ಲಿ ಏಳೆಂಟು ಪಂದ್ಯ, ಅದರಲ್ಲಿ ಹೆಂಗಸರದು ಒಂದೇ ಒಂದು. ಆ ಹೊತ್ತಿಗೆ ಜನ ಎದ್ದು ತಿನ್ನಲು, ಬಾತ್‌ರೂಮಿಗೆ ಹೋಗುತ್ತಿದ್ದರು. ಶೋ ನಡೆಸುವ ಪ್ರೊಮೋಟರ್‌ಗಳಿಗೂ ಅದೇ ಲೆಕ್ಕ. ಬಟ್ಟೆ ಬದಲಿಸಲು ಪರದೆ ಕಟ್ಟಿದ ಒಂದು ಮೂಲೆ. ಕೆಲವು ಕಡೆ ಅದೂ ಇರಲಿಲ್ಲ, ಕ್ಲೀನಿಂಗ್ ಸಾಮಾನು ಇಡುವ ಕೋಣೆಯಲ್ಲಿ ಬೂಟು ಕಟ್ಟಿಕೊಂಡಿದ್ದೇನೆ. ದೊಡ್ಡವರ ಮನೆಯಲ್ಲೂ ಪರಿಸ್ಥಿತಿ ಬಹಳ ಬೇರೆ ಇರಲಿಲ್ಲ. 2015ರ ಫೆಬ್ರವರಿಯಲ್ಲಿ ಅಮೆರಿಕದ ದೊಡ್ಡ ಕುಸ್ತಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಇಯ ರಾ ಅನ್ನುವ ಟಿವಿ ಕಾರ್ಯಕ್ರಮದಲ್ಲಿ ನಾಲ್ವರು ಹೆಂಗಸರ ಪಂದ್ಯ ಸುಮಾರು ಮೂವತ್ತು ಸೆಕೆಂಡಿನಲ್ಲಿ ಮುಗಿದುಹೋಯಿತು. ನೋಡುಗರೇ ರೇಗಿ, ಇವರಿಗೂ ಅವಕಾಶ ಕೊಡಿ ಅಂತ ಟ್ವಿಟರ್ ತುಂಬಾ ಬರೆದರು.

ಆದರೆ ನಾವು ಕಲಿತದ್ದು ಟಿವಿ ನೋಡಿ ಅಲ್ಲ. ಶಿಮ್ಮರ್ ಅನ್ನುವ ಸಂಸ್ಥೆ 2005ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಶುರುವಾಯಿತು. ಅಲ್ಲಿ ಹೆಂಗಸರದೇ ಪೂರ್ತಿ ಶೋ. ಅದರ ಡಿವಿಡಿಗಳು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದಾಗ ಅಂಚೆಲ್ಲ ಗೀರು ಬಿದ್ದಿತ್ತು. 2007ರಲ್ಲಿ ಅಲ್ಲಿನ ಮೊದಲ ಚಾಂಪಿಯನ್ ಆದವರು ಸಾರಾ ಡೆಲ್ ರೇ. ಅವರು ಎದುರಾಳಿಯನ್ನು ಎತ್ತುವ ರೀತಿ ನೋಡಿ ರಿಮೋಟ್ ಒತ್ತಿ ಒತ್ತಿ ಹಿಂದೆ ಓಡಿಸುತ್ತಿದ್ದೆ. ತೋಳಲ್ಲಿ ಎತ್ತುತ್ತಿರಲಿಲ್ಲ ಅವರು, ಸೊಂಟ ಕೆಳಗಿಳಿಸಿ ಕಾಲಿನಿಂದ ಎತ್ತುತ್ತಿದ್ದರು. 2012ರಲ್ಲಿ ಡಬ್ಲ್ಯೂಡಬ್ಲ್ಯೂಇ ಅವರನ್ನು ಕರೆದದ್ದು ಆಡಲಿಕ್ಕಲ್ಲ, ಕಲಿಸಲಿಕ್ಕೆ. ಆಮೇಲೆ ಟಿವಿಯಲ್ಲಿ ಹೆಂಗಸರ ಪಂದ್ಯ ಚೆನ್ನಾಗಾಯಿತು ಅಂತ ಎಲ್ಲರೂ ಬೆರಗಾದಾಗ ನಮಗೇನೂ ಬೆರಗಾಗಲಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಕೊನೆಗೆ ಒಂದು ಕವರ್ ಕೊಡುತ್ತಾರೆ. ಶುರುವಿನ ಎರಡು ವರ್ಷ ಆ ಕವರ್ ದಾರಿ ಖರ್ಚಿಗೂ ಸಾಲಲಿಲ್ಲ. ಹಗಲು ಬೇರೆ ಕೆಲಸ ಇತ್ತು. ಹೊಟ್ಟೆ ತುಂಬಿಸಿದ್ದು ಮರ್ಚ್ ಟೇಬಲ್. ಟಿ-ಶರ್ಟ್, ಸಹಿ ಹಾಕಿದ ಫೋಟೋ, ಸ್ಟಿಕರ್. ಸೋತ ರಾತ್ರಿ ಜಾಸ್ತಿ ಮಾರಾಟ, ಗೆದ್ದ ರಾತ್ರಿ ಕಡಿಮೆ. ಯಾಕೋ ಹಾಗೇ. ಡ್ರೆಸ್ ನಾನೇ ಹೊಲಿಯುತ್ತಿದ್ದೆ. ನಾಲ್ಕೂ ಕಡೆ ಹಿಗ್ಗುವ ಬಟ್ಟೆ, ಅಂಕುಡೊಂಕು ಹೊಲಿಗೆ. ನೇರ ಹೊಲಿಗೆ ಹಾಕಿದರೆ ಮೊದಲ ಬಂಪ್‌ಗೇ ಹರಿಯುತ್ತದೆ. ಇದು ನನಗೆ ಜನರ ಮುಂದೆಯೇ ಗೊತ್ತಾಯಿತು, ಆ ಕಥೆ ಇಲ್ಲಿ ಬೇಡ.

ನಮ್ಮನ್ನು ಯಾರೂ ನೌಕರಿಗೆ ಇಟ್ಟುಕೊಂಡಿರುವುದಿಲ್ಲ. ಶೋ ಲೆಕ್ಕದಲ್ಲಿ ಬರುವ ಗುತ್ತಿಗೆಯವರು ನಾವು. ಪೆಟ್ಟಾದರೆ ಆಸ್ಪತ್ರೆ ಖರ್ಚು ನಮ್ಮದೇ, ಆಡದ ವಾರಕ್ಕೆ ಕವರ್ ಇಲ್ಲ. ಅದರಿಂದಲೇ ಬೇಡ ಅನ್ನುವುದು ಇಷ್ಟು ಕಷ್ಟ. ನನ್ನ ಮೂರನೇ ವರ್ಷ ಒಬ್ಬ ಪ್ರೊಮೋಟರ್, ಆಗಷ್ಟೇ ಕಲಿತು ಬಂದ ಹುಡುಗಿಯ ಜೊತೆ ಪಂದ್ಯ ಕೊಟ್ಟು, ಮೂಲೆಯ ಕಂಬದ ಮೇಲಿಂದ ಸೂಪ್ಲೆಕ್ಸ್, ಅಂದರೆ ಎತ್ತಿ ಬೆನ್ನಿನ ಮೇಲೆ ಬೀಳಿಸುವ ಪಟ್ಟು, ಹಾಕಿಸಿಕೋ, ಜನ ಕುಣಿಯುತ್ತಾರೆ ಅಂದರು. ಅವಳು ಅದನ್ನು ಯಾವತ್ತೂ ಮೇಲಿಂದ ಮಾಡಿರಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಇಬ್ಬರೂ ಆಗಲಿ ಅಂತ ತಲೆ ಆಡಿಸಿದೆವು. ಇದ್ದದ್ದು ಹೆಂಗಸರದು ಒಂದೇ ಜಾಗ, ಬೇಡ ಅಂದರೆ ಮುಂದಿನ ತಿಂಗಳು ಆ ಜಾಗಕ್ಕೆ ಇನ್ನೊಬ್ಬಳು.

ಅವಳ ಕಾಲು ಜಾರಿತು. ನಾನು ಬೆನ್ನಿಗೆ ಬೀಳುವ ಬದಲು ಕುತ್ತಿಗೆ ಹತ್ತಿರ ಬಿದ್ದೆ. ಗದ್ದ ಒತ್ತಿಕೊಂಡಿದ್ದೆ, ಅದೇ ಉಳಿಸಿತು. ಪಂದ್ಯ ಮುಗಿಸಿದೆ ಅಂತ ವಿಡಿಯೋ ನೋಡಿ ತಿಳಿಯಿತು. ನನಗೆ ನೆನಪಿರುವುದು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸ್ ಬಿಚ್ಚಲು ಬರದೆ ಅತ್ತದ್ದು. ತಲೆಯೊಳಗೆ ಪೆಟ್ಟಾಗಿತ್ತು. ಬೆಳಕು ನೋಡಲಾಗುತ್ತಿರಲಿಲ್ಲ, ಓದಿದ ಸಾಲು ಮತ್ತೆ ಓದಬೇಕಿತ್ತು. ಆದರೂ ಎರಡನೇ ವಾರಕ್ಕೇ ವಾಪಸ್ ಹೋಗಿ ಆಡಿದೆ, ಯಾರಿಗೂ ಹೇಳದೆ. ನಾನು ಮಾಡಿದ್ದರಲ್ಲಿ ಅತಿ ದಡ್ಡತನದ್ದು ಇದೇ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಎರಡನೆಯದು ಬಿದ್ದರೆ ಜೀವವೇ ಹೋಗಬಹುದು. ವಿಷಯ ತಿಳಿದ ಮೇಲೆ ಅದು ಧೈರ್ಯ ಅಂತ ಬೆನ್ನು ತಟ್ಟಿದವರೂ ಇದ್ದರು. ಆಮೇಲೆ ತಲೆಸುತ್ತು ಜಾಸ್ತಿಯಾಗಿ ಐದು ತಿಂಗಳು ಮನೆಯಲ್ಲಿ ಕೂತೆ.

ಆ ಐದು ತಿಂಗಳಲ್ಲಿ ಐರ್ಲೆಂಡಿನ ಕುಸ್ತಿಗಾರ್ತಿ ಬೆಕಿ ಲಿಂಚ್ ಕಥೆ ತುಂಬಾ ಓದಿದೆ. ಅವರೂ ಶಿಮ್ಮರ್‌ನಲ್ಲಿ ಆಡಿದವರೇ, ಬೇರೆ ಹೆಸರಲ್ಲಿ. 2006ರಲ್ಲಿ ಜರ್ಮನಿಯ ಒಂದು ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ವರ್ಷಗಟ್ಟಲೆ ಕುಸ್ತಿಯಿಂದ ದೂರ ಇದ್ದರು. ವಿಮಾನದಲ್ಲಿ ಗಗನಸಖಿಯಾಗಿ ದುಡಿದರು. 2019ರ ಏಪ್ರಿಲ್‌ನಲ್ಲಿ ಡಬ್ಲ್ಯೂಡಬ್ಲ್ಯೂಇಯ ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಮೊದಲ ಬಾರಿಗೆ ಹೆಂಗಸರದಾದಾಗ ಗೆದ್ದವರು ಅವರೇ. ನನಗೆ ಹಿಡಿಸಿದ್ದು ಆ ಗೆಲುವಿಗಿಂತ ನಡುವಿನ ಖಾಲಿ ವರ್ಷಗಳು. ಐದು ತಿಂಗಳು ಕೂತರೆ ಎಲ್ಲ ಮುಗಿದೇಹೋಯಿತು ಅಂತ ಹೆದರಿದ್ದೆನಲ್ಲ, ಅದು ಸ್ವಲ್ಪ ಇಳಿಯಿತು.

2020ರ ಜೂನ್‌ನಲ್ಲಿ ಸ್ಪೀಕಿಂಗ್ ಔಟ್ ಅನ್ನುವ ಹೆಸರಲ್ಲಿ ಕುಸ್ತಿಯ ಹೆಂಗಸರು ಲೈಂಗಿಕ ಕಿರುಕುಳದ ಬಗ್ಗೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ತರಬೇತಿ ಶಾಲೆಗಳಲ್ಲಿ, ಕಾರುಗಳಲ್ಲಿ, ಹೋಟೆಲ್ ರೂಮುಗಳಲ್ಲಿ ಏನಾಗಿತ್ತು ಅಂತ. ಓದುತ್ತಾ ನನಗೆ ಕಂಡದ್ದು ಒಂದೇ. ಸೂಪ್ಲೆಕ್ಸ್ ಬೇಡ ಅನ್ನಲಾಗದ್ದಕ್ಕೂ, ಪಂದ್ಯ ಕೊಡುವವನ ಕಾರಿನಲ್ಲಿ ಹೋಗಲ್ಲ ಅನ್ನಲಾಗದ್ದಕ್ಕೂ ಕಾರಣ ಆ ಒಂದೇ ಜಾಗ. ಅದಾದ ಮೇಲೆ ನಾನು ಒಬ್ಬ ಗೆಳತಿ ಜೊತೆಗಿಲ್ಲದೆ ಪ್ರಯಾಣ ಮಾಡುತ್ತಿಲ್ಲ. ಒಪ್ಪಿಕೊಳ್ಳುವ ಮುಂಚೆಯೇ ಮೆಸೇಜ್‌ನಲ್ಲಿ ಕೇಳುತ್ತೇನೆ. ಎದುರಾಳಿ ಯಾರು, ಎಷ್ಟು ನಿಮಿಷ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯಾ, ವೈದ್ಯರು ಇರುತ್ತಾರಾ. ಇಬ್ಬರು ಪ್ರೊಮೋಟರ್‌ಗಳು ಉತ್ತರವನ್ನೇ ಕೊಡಲಿಲ್ಲ. ಒಳ್ಳೆಯದೇ ಆಯಿತು.

ಈಗ ನಾನು ಹೀಲ್. ವಯಸ್ಸಾದಷ್ಟೂ ಜನರ ಬೈಗುಳ ಸಲೀಸಾಗಿ ಬರುತ್ತದೆ. ಹೋದ ತಿಂಗಳು ಎದುರಿಗಿದ್ದದ್ದು ನಾಲ್ಕನೇ ಪಂದ್ಯದ ಹುಡುಗಿ. ಮಧ್ಯಾಹ್ನ ಕೂತು ಪಂದ್ಯ ಹೊಂದಿಸುವಾಗ ಅವಳು ನನ್ನ ಮುಖ ನೋಡದೆ, "ಅಕ್ಕ, ಆ ಕಂಬದ ಮೇಲಿನ ಸ್ಪಾಟ್ ಬೇಡ, ನನಗಿನ್ನೂ ಅದು ಬರಲ್ಲ" ಅಂದಳು. ಹೇಳಿದವಳ ಕಿವಿ ಕೆಂಪಾಗಿತ್ತು. ಸರಿ ಅಂದೆ. ಆ ಎರಡು ನಿಮಿಷಕ್ಕೆ ಏನು ಮಾಡುವುದು ಅಂತ ಕೇಳಿದಳು. ಹೆಡ್‌ಲಾಕ್ ಅಂದೆ.

ಎರಡು ನಿಮಿಷ ಅವಳ ತಲೆ ಕಂಕುಳಲ್ಲಿ ಅಮುಕಿಕೊಂಡು, ಮುಂದಿನ ಸಾಲಿನ ಅಜ್ಜಿಯೊಬ್ಬರ ಜೊತೆ ಜಗಳ ಆಡಿದೆ. ಅಜ್ಜಿ ಎದ್ದು ನಿಂತು ಬೈದರು. ಇಡೀ ಹಾಲ್ ಕಾಲು ಬಡಿಯತೊಡಗಿತು. ಒಳಗಿಂದ ಹುಡುಗಿ ನನ್ನ ಕೈ ಒತ್ತಿದಳು. "ಈಗ ಏಳು" ಅಂದೆ.