ಬಣ್ಣ ಬಳಿಸುವ ಮೊದಲು ಮನೆಗೆ ನೀರು ಕಟ್ಟಿ ನೋಡಿ

ನಮ್ಮ ಕಡೆ ಗೃಹಪ್ರವೇಶಗಳು ಏಪ್ರಿಲ್, ಮೇ ತಿಂಗಳಲ್ಲೇ ಜಾಸ್ತಿ. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಪಾಲಿಶ್, ನೆಲ ಫಳಫಳ. ಬಾಕಿ ದುಡ್ಡು ಕೊಟ್ಟು, ಮೇಸ್ತ್ರಿಗೆ ಶಾಲು ಹೊದಿಸಿ ಕಳಿಸಿಬಿಡುತ್ತಾರೆ. ಪುನರ್ವಸು ಮಳೆ ಹಿಡಿದು ನಾಲ್ಕು ದಿನಕ್ಕೆ ಬೆಡ್‌ರೂಮಿನ ಮೂಲೆಯಲ್ಲಿ ತೇವ ಕಾಣುತ್ತದೆ. ಫೋನ್ ಮಾಡಿದರೆ ಮೇಸ್ತ್ರಿ ಇನ್ನೊಂದು ಸೈಟಿನಲ್ಲಿರುತ್ತಾರೆ. ಬಂದರೂ ಆ ಮಳೆಯಲ್ಲಿ ರಿಪೇರಿ ಆಗುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಹಾಗಾಗಿ ತಪಾಸಣೆಯನ್ನು ಪ್ರೈಮರ್ ಹಚ್ಚುವ ಮೊದಲೇ ಮಾಡಿ. ಪುಟ್ಟಿ ಬಿದ್ದ ಮೇಲೆ ಬಿರುಕೂ ಕಾಣಲ್ಲ, ತೇವವೂ ಕಾಣಲ್ಲ.

ಟಾರ್ಚ್, ಟೇಪು, ರಸಮಟ್ಟ, ಪೆನ್ಸಿಲ್, ಒಂದು ರೂಪಾಯಿ ನಾಣ್ಯ, ತೋಟದ ಪೈಪು. ಇಷ್ಟಿದ್ದರೆ ಸಾಕು.

ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿ. ಮಲೆನಾಡಿನಲ್ಲಿ ಗುಡ್ಡ ಕಡಿದು ಮಟ್ಟ ಮಾಡಿದ ಸೈಟುಗಳೇ ಹೆಚ್ಚು. ಹಿಂದಿನ ಧರೆಯಿಂದ, ಅಂದರೆ ಕಡಿದ ಗುಡ್ಡದ ಬದಿಯಿಂದ, ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಧರೆಗೂ ಮನೆಗೂ ನಡುವೆ ಚರಂಡಿ ಇರಲೇಬೇಕು. ಧರೆಗೆ ಕಲ್ಲು ಕಟ್ಟಿದ್ದರೆ ಒಳಗಿನ ನೀರು ಹೊರಗೆ ಬರಲು ಅಲ್ಲಲ್ಲಿ ಪೈಪು ಬಿಟ್ಟಿರಬೇಕು. ಬಿಟ್ಟಿಲ್ಲದಿದ್ದರೆ ಮಣ್ಣು ನೀರು ಕುಡಿದು ಆ ಗೋಡೆಯನ್ನೇ ದೂಡುತ್ತದೆ. ಇದನ್ನು ಮುಂದೆ ನೋಡೋಣ ಎಂದು ಬಿಡಬೇಡಿ.

ಆಮೇಲೆ ಬಿರುಕು. ಗಿಲಾವಿನ ಮೇಲೆ ಕೂದಲೆಳೆಯ ಹಾಗೆ ಬಲೆ ಬಲೆಯಾಗಿ ಹರಡಿದ್ದರೆ ಅದು ಒಣಗುವಾಗ ಬಂದದ್ದು, ಹೆದರಬೇಡಿ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ನಾಣ್ಯದ ಅಂಚು ಒಳಗೆ ಹೋಗುವಷ್ಟು ಅಗಲವಾಗಿದ್ದರೆ ಎಂಜಿನಿಯರನ್ನು ಕರೆಸಿ. ಟೈಲ್ಸನ್ನು ಅದೇ ನಾಣ್ಯದಿಂದ ತಟ್ಟುತ್ತಾ ಹೋಗಿ. ಖಾಲಿ ಡಬ್ಬಿಯ ಸದ್ದು ಬಂದಲ್ಲಿ ಕೆಳಗೆ ಗಾರೆ ತುಂಬಿಲ್ಲ. ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿ, ಮುಗಿಯಿತು.

ಈಗ ತಾರಸಿ. ಜನ ಎಡವುವುದು ಇಲ್ಲಿಯೇ. ಎರಡು ಬಕೆಟ್ ನೀರು ಚೆಲ್ಲಿ, ಪೈಪಿನ ಕಡೆ ಹರಿಯಿತಲ್ವಾ, ಸರಿ ಇದೆ ಎನ್ನುತ್ತಾರೆ. ಅದರಿಂದ ವಾಟ (ನೀರು ಹರಿಯುವ ಇಳಿಜಾರು) ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಅಷ್ಟೇ. ವಾಟ ಹತ್ತು ಅಡಿಗೆ ಒಂದು ಇಂಚಿಗಿಂತ ಕಡಿಮೆ ಇರಬಾರದು. ಸೋರುತ್ತದೋ ಇಲ್ಲವೋ ತಿಳಿಯಬೇಕಾದರೆ ನೀರು ಕಟ್ಟಿ ನಿಲ್ಲಿಸಬೇಕು.

ಮಳೆನೀರಿನ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆಯುಂಡೆ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ. ಎತ್ತರದ ಜಾಗದಲ್ಲೂ ಒಂದು ಇಂಚು ನಿಲ್ಲುವಷ್ಟು ನೀರು ತುಂಬಿಸಿ. ಸಾವಿರ ಚದರಡಿ ತಾರಸಿಗೆ ಸರಾಸರಿ 2 ಇಂಚು ಎಂದರೆ ಸುಮಾರು 4,700 ಲೀಟರ್ ಬೇಕು. ಬಾವಿಯಲ್ಲಿ ನೀರಿಲ್ಲದಿದ್ದರೆ ಮಧ್ಯೆ ಮಣ್ಣಿನ ಕಟ್ಟೆ ಕಟ್ಟಿ ಅರ್ಧರ್ಧ ಮಾಡಿ. 'ಭಾರಕ್ಕೆ ಸ್ಲ್ಯಾಬ್ ಬಾಗುತ್ತೆ ಸರ್' ಎಂದು ಹೇಳುವವರಿದ್ದಾರೆ. 2 ಇಂಚು ನೀರಿನ ತೂಕ ಚದರ ಮೀಟರಿಗೆ 50 ಕೆ.ಜಿ. ಮಾತ್ರ. ಸರಿಯಾಗಿ ಹಾಕಿದ ಸ್ಲ್ಯಾಬಿಗೆ ಅದು ಲೆಕ್ಕಕ್ಕೇ ಇಲ್ಲ.

ಮೊದಲ ದಿನ ನೀರು ಇಳಿದರೆ ಗಾಬರಿ ಬೇಡ, ಹೊಸ ಗಾರೆ ಸ್ವಲ್ಪ ಕುಡಿಯುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ತುಂಬಿಸಿ, ಪ್ಯಾರಪೆಟ್ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ, ಬಿಸಿಲಲ್ಲೇ, ನೇರ ಅಂಚಿನ ಒಂದು ಟಬ್ ಇಡಿ. ಅದಕ್ಕೂ ಅಷ್ಟೇ ಆಳದ ನೀರು ತುಂಬಿ ಗೆರೆ ಹಾಕಿ. 48 ಗಂಟೆ ಬಿಡಿ. ಟಬ್ಬಿನಲ್ಲಿ ಇಳಿದದ್ದು ಬಿಸಿಲಿಗೆ ಆರಿದ ನೀರು. ತಾರಸಿಯಲ್ಲಿ ಅದಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಇಳಿದಿದ್ದರೆ, ಮೊದಲು ಪೈಪಿನ ಬಾಯಿಗಳಿಂದ ಹೋಗುತ್ತಿದೆಯಾ ನೋಡಿ. ಅಲ್ಲಿಲ್ಲದಿದ್ದರೆ ಸ್ಲ್ಯಾಬು ಕುಡಿಯುತ್ತಿದೆ ಎಂದೇ ಅರ್ಥ, ಕೆಳಗೆ ಹನಿ ಕಾಣದಿದ್ದರೂ ಸರಿ.

ಕೆಳಗೆ ಬೆಳಿಗ್ಗೆ ಸಂಜೆ ಟಾರ್ಚನ್ನು ಸೀಲಿಂಗಿಗೆ ಓರೆಯಾಗಿ ಹಿಡಿದು ನೋಡಿ. ನೇರವಾಗಿ ಹಿಡಿದರೆ ತೇವದ ನೆರಳು ಕಾಣಲ್ಲ. ಮುಖ್ಯವಾಗಿ ಫ್ಯಾನ್ ಬಾಕ್ಸ್ ನೋಡಿ. ಸ್ಲ್ಯಾಬಿನೊಳಗೆ ಹೋದ ನೀರು ವೈರಿನ ಪೈಪು ಹಿಡಿದು ಎಲ್ಲೋ ದೂರದ ಬಾಕ್ಸಿನಲ್ಲಿ ಹನಿಯುತ್ತದೆ. ಹಾಗಾಗಿ ಹನಿ ಬಿದ್ದ ಜಾಗದ ಮೇಲೆಯೇ ತೂತು ಇರಬೇಕೆಂದಿಲ್ಲ. ಪರೀಕ್ಷೆ ಮುಗಿಯುವವರೆಗೆ ಮೇನ್ ಸ್ವಿಚ್ ಆಫ್ ಇರಲಿ.

'ಮೇಲೆ ಶೀಟ್ ಬರುತ್ತಲ್ಲ, ನೀರು ಯಾಕೆ ಕಟ್ಟಬೇಕು' ಎನ್ನುವವರಿಗೆ ಒಂದು ಮಾತು. ಮಲೆನಾಡಿನಲ್ಲಿ ತಾರಸಿಯ ಮೇಲೆ ಟ್ರಸ್ (ಮಾಡು ಹೊರುವ ಚೌಕಟ್ಟು) ಹಾಕಿ ಹಂಚು ಹೊದಿಸುವುದೇ ಸರಿ, ಶೀಟಿಗಿಂತ ಹಂಚೇ ಮೇಲು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಟ್ರಸ್ಸಿನ ಕಂಬಕ್ಕೆ ಸ್ಲ್ಯಾಬಿನಲ್ಲಿ ತೂತು ಕೊರೆಯುತ್ತಾರೆ. ಸೋರುವುದು ಎಷ್ಟೋ ಸಲ ಆ ಬೋಲ್ಟಿನ ಬುಡದಲ್ಲೇ. ಕಂಬ ನಿಲ್ಲಿಸಿದ ಮೇಲೆ ಇನ್ನೊಮ್ಮೆ ನೀರು ಕಟ್ಟಿ. ಸೋರಿಕೆ ಸಿಕ್ಕಾಗ ಮೇಲೆ ಬಿಳಿ ವಾಟರ್‌ಪ್ರೂಫ್ ಬಣ್ಣ ಬಳಿದು ಮುಗಿಸಲು ಬಿಡಬೇಡಿ. ಬಿರುಕನ್ನು ಬಿಡಿಸಿ ತುಂಬದೆ ಬಳಿದ ಬಣ್ಣ ನಮ್ಮ ಮಳೆಗೆ ಸಿಪ್ಪೆ ಏಳುತ್ತದೆ.

ಬಾತ್‌ರೂಮಿಗೂ ಇದೇ ಕ್ರಮ. ನೆಲದ ಜಾಲರಿ ಮುಚ್ಚಿ, ಹೊಸ್ತಿಲಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ನಿಲ್ಲಿಸಿ, ಒಂದೆರಡು ದಿನ ಬಿಡಿ. ಕೆಳಗಿನ ಸೀಲಿಂಗ್ ಮಾತ್ರ ಅಲ್ಲ, ಪಕ್ಕದ ಕೋಣೆಯ ಗೋಡೆಯ ಬುಡಕ್ಕೂ ಅಂಗೈ ಒತ್ತಿ ನೋಡಿ. ನಿಜ ಹೇಳಬೇಕೆಂದರೆ ಟೈಲ್ಸ್ ಹಾಕುವ ಮೊದಲೇ ಇದನ್ನು ಒಮ್ಮೆ ಮಾಡಬೇಕು. ಆಮೇಲೆ ಸಿಕ್ಕರೆ ಟೈಲ್ಸ್ ಒಡೆಯುವುದೊಂದೇ ದಾರಿ.

ಉಳಿದದ್ದು ಎರಚಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಪೇಟೆಯಲ್ಲಿ ನಡೆದ, ಕಿಟಕಿ ಮೇಲಿನ ಒಂದಡಿ ಸಜ್ಜ ಘಟ್ಟದ ಬದಿಯಲ್ಲಿ ನಡೆಯಲ್ಲ, ಎರಡಡಿಯಾದರೂ ಬೇಕು. ಗಾಳಿಮಳೆ ಬಡಿಯುವ ಪಡುವಣ ಗೋಡೆಯ ಕಿಟಕಿಗಳಿಗೆ ಪೈಪಿನಿಂದ ನೀರು ಹೊಡೆಯಿರಿ. ಕೆಳಗಿನ ಅಂಚಿನಿಂದ ಶುರು ಮಾಡಿ, ಐದೈದು ನಿಮಿಷ ನಿಂತು, ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಿಂದ ಒಳಗೆ ಬಂತೆಂದು ಗೊತ್ತೇ ಆಗುವುದಿಲ್ಲ.

ಕರೆಂಟಿನದು ಸುಲಭ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಬೇಕು, ಅದರ ಟೆಸ್ಟ್ ಗುಂಡಿ ಒತ್ತಿದರೆ ತಕ್ಷಣ ಬೀಳಬೇಕು. ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮೀಟರ್ ಇಟ್ಟು ಅಳೆಸಿ.

ಸಿಕ್ಕ ದೋಷಗಳನ್ನು ಫೋಟೋ, ತಾರೀಖಿನ ಸಮೇತ ಬರೆದುಕೊಡಿ, ಬಾಯಿಮಾತು ಬೇಡ. ಬಿಲ್ಡರಿಂದ ಫ್ಲ್ಯಾಟ್ ಅಥವಾ ಮನೆ ಕೊಂಡಿದ್ದು ಆ ಪ್ರಾಜೆಕ್ಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದ್ದರೆ, 2016ರ ಕಾಯ್ದೆಯ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ತೋರಿಸಿದ ಕಟ್ಟಡದ ದೋಷವನ್ನು 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದವರಿಗೆ ಆ ಆಸರೆ ಇಲ್ಲ. ಅವರು ಕರಾರಿನಲ್ಲೇ ಕೊನೆಯ ಕಂತನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಡುವುದಾಗಿ ಬರೆಸಿಕೊಳ್ಳಿ. ರಿಪೇರಿ ಆದ ಜಾಗಕ್ಕೆ ಮತ್ತೆ 48 ಗಂಟೆ ನೀರು ಕಟ್ಟಿಸಿ, ಒಣಗಿದ ಮೇಲೆ ಪ್ರೈಮರ್ ಹಚ್ಚಿಸಿ.